ಕೊಂಡಿಗೆ ಹಾಕಿದ ಹಾರ, ಬ್ಯಾಟರಿ ಇಲ್ಲದ ಬೆಲ್ಲು

ನಮ್ಮ ವಾಸು ಮಾವ ಕಲ್ಯಾಣ ಊರಿನಲ್ಲಿರುವ ತಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತು ಗಿರಾಕಿಗಳಿಗೆ ಹೇಳುವ ಕಥೆಯಲ್ಲಿ ಸೂರ್ಯ ಇನ್ನೂ ಹುಟ್ಟಿರುವುದಿಲ್ಲ. ರಸ್ತೆಯಲ್ಲಿ ನರಪಿಳ್ಳೆ ಇರುವುದಿಲ್ಲ. ಖಾಲಿ ಟ್ರೇಲರಿನ ಒಳಗಿಂದ ದೈವದ ಕಾಲಿನ ಗಗ್ಗರದ ಸದ್ದು ಝಣ್ಣೆಂದು ಕೇಳುತ್ತದೆ, ಸ್ಟೀರಿಂಗ್ ತಾನಾಗಿ ಎಡಕ್ಕೆ ತಿರುಗುತ್ತದೆ, ಗಾಡಿ ತಾನಾಗಿ ನಿಲ್ಲುತ್ತದೆ. ಕಥೆ ಮುಗಿಯುವಾಗ ಗಿರಾಕಿಯ ಕಾಫಿ ಆರಿ ತಣ್ಣಗಾಗಿರುತ್ತದೆ. ಮಾವ ಕಣ್ಣು ಮುಚ್ಚಿ ಎರಡೂ ಕೆನ್ನೆ ಮುಟ್ಟಿಕೊಳ್ಳುತ್ತಾರೆ, ಗಿರಾಕಿಯೂ ಮುಟ್ಟಿಕೊಳ್ಳುತ್ತಾನೆ.

ಇದರಲ್ಲಿ ಒಂದೂ ನಿಜವಲ್ಲ. ನಾನು ಆ ಗಾಡಿಯಲ್ಲೇ ಇದ್ದೆ. ಬೆಳಗಿನ ಏಳೂವರೆ ಗಂಟೆ, ಕಣ್ಣು ಕುಕ್ಕುವ ಬಿಸಿಲು. ಇನ್ನು ಶೀಳ್ ಫಾಟಾ ಎಂಬ ಆ ಕೂಡುರಸ್ತೆಯ ಸುತ್ತ ನರಪಿಳ್ಳೆ ಇಲ್ಲದ ಹೊತ್ತು ಅಂತ ಒಂದಿದ್ದರೆ ಅದನ್ನು ಮಾವನೇ ತೋರಿಸಿಕೊಡಲಿ. ಕೇಳಿಸಿದ್ದು ಗಗ್ಗರವಲ್ಲ, ಅಗ್ಗದ ಪ್ಲಾಸ್ಟಿಕ್ ಬೆಲ್ಲಿನಿಂದ ಬರುವ ಹಕ್ಕಿ ಕೂಗು. ಸ್ಟೀರಿಂಗನ್ನು ತಿರುಗಿಸಿದ್ದು ಸಾಕ್ಷಾತ್ ಮಾವ, ಅದೂ ನನ್ನನ್ನು ಬೈಯುತ್ತಾ. ಕಾಲೇಜಿನಲ್ಲಿದ್ದಷ್ಟು ಕಾಲ ಚರ್ಚಾಸ್ಪರ್ಧೆಗಳಲ್ಲೇ ಕಳೆದವಳು ನಾನು. ಈಗ ಠಾಣೆ ನಗರದಲ್ಲಿ ಒಬ್ಬ ವಕೀಲರ ಕೈಕೆಳಗೆ ಕೆಲಸ ಕಲಿಯುತ್ತಿದ್ದೇನೆ. ಯಾರಾದರೂ ‘ಒಂದು ವಿಚಿತ್ರ ನಡೆಯಿತು’ ಅಂದರೆ ‘ನೀವು ನೋಡಿದಿರಾ, ಕೇಳಿದ್ದಾ?’ ಎನ್ನುವುದು ನನ್ನ ಮೊದಲ ಪ್ರಶ್ನೆ. ನೂರಕ್ಕೆ ನೂರು ಕಥೆಗಳು ಆ ಪ್ರಶ್ನೆಗೇ ಬಿದ್ದುಹೋಗುತ್ತವೆ ಎಂದು ನಂಬಿದ್ದೆ. ಮಾವನ ಕಥೆಯನ್ನೂ ಹಾಗೆಯೇ ಬೀಳಿಸುತ್ತಾ ಬಂದಿದ್ದೇನೆ. ಆದರೆ ಅದನ್ನು ಬೀಳಿಸಿದ ಮೇಲೆ ಕೆಳಗೆ ಏನೋ ಒಂದು ಉಳಿಯುತ್ತದೆ. ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಟ್ರೇಲರಿನ ವಿಷಯ. ಗಾಡಿಯ ಹಿಂದೆ ಕಟ್ಟಿ ಎಳೆಯುವ ಸಣ್ಣ ಮನೆ ಅದು. ಎರಡು ಚಕ್ರ, ಒಂದು ಹಾಸಿಗೆ, ಮೂಲೆಯಲ್ಲಿ ಸಿಂಕು, ಪರದೆಯ ಹಿಂದೆ ಕಕ್ಕಸು. ಖಾರ್ಘರಿನಲ್ಲಿ ಯಾರೋ ಹುಮ್ಮಸ್ಸಿನಿಂದ ಮಾಡಿಸಿ, ಎರಡು ಸಲ ಓಡಿಸಿ, ತಾಡಪಾಲು ಹೊದಿಸಿ ನಿಲ್ಲಿಸಿಬಿಟ್ಟಿದ್ದರು. ಮಾವ ಅದನ್ನು ಕೊಂಡದ್ದು ಶೋಕಿಗಲ್ಲ, ಅಜ್ಜಿಗಾಗಿ. ಅಜ್ಜಿ ಎಂದರೆ ಮಾವನಿಗೂ ನನ್ನ ಅಮ್ಮನಿಗೂ ತಾಯಿ. ಡೊಂಬಿವಲಿಯಲ್ಲಿ ನಮ್ಮೊಂದಿಗೇ ಇರುವವರು. ಬಾತ್‌ರೂಮಿನಲ್ಲಿ ಜಾರಿಬಿದ್ದು ಸೊಂಟದ ಆಪರೇಶನ್ ಆದ ಮೇಲೆ ಅರ್ಧ ಗಂಟೆಗಿಂತ ಹೆಚ್ಚು ನೆಟ್ಟಗೆ ಕೂರಲಾರರು. ಅವರ ತಂಗಿ ಉಡುಪಿಯಲ್ಲಿ. ಅವರಿಗೆ ಮಂಡಿನೋವು. ಒಬ್ಬರು ಇಲ್ಲಿಂದ ಏಳಲಾರರು, ಇನ್ನೊಬ್ಬರು ಅಲ್ಲಿಂದ ಏಳಲಾರರು. ವಿಡಿಯೋ ಕಾಲಿನಲ್ಲಿ ಒಬ್ಬರ ಹಣೆ ಇನ್ನೊಬ್ಬರಿಗೆ ಕಾಣುತ್ತಿತ್ತು, ಅಷ್ಟೆ. ಫೋನು ಹಿಡಿಯುವುದು ಇಬ್ಬರಿಗೂ ಬರುತ್ತಿರಲಿಲ್ಲ.

ರೈಲು ಎರಡು ನಿಮಿಷ ನಿಲ್ಲುವಷ್ಟರಲ್ಲಿ ಅಜ್ಜಿಯನ್ನು ಹತ್ತಿಸುವುದು ಆಗದ ಮಾತು. ಆಂಬುಲೆನ್ಸ್ ಮಾಡೋಣ ಎಂದದ್ದಕ್ಕೆ ಅಜ್ಜಿ, “ಆಂಬುಲೆನ್ಸಲ್ಲಿ ನಾನು ಊರಿಗೆ ಹೋದರೆ ಅವರು ನಾನು ಸತ್ತೆ ಅಂತ ಬೊಜ್ಜದ ಅಡುಗೆಗೆ ಹೇಳಿಬಿಡ್ತಾರೆ” ಎಂದರು. ಅಲ್ಲಿಗೆ ಆ ವಾದ ಮುಗಿಯಿತು. ನನಗೆ ವಾದ ಮಾಡುವ ಬುದ್ಧಿ ಯಾರಿಂದ ಬಂದದ್ದು ಎಂದು ಕೇಳುವವರಿಗೆ ಇದೇ ಉತ್ತರ.

ಟ್ರೇಲರ್ ಕೊಳ್ಳಬೇಕೆಂದಿರುವವರಿಗೆ ನಾಲ್ಕು ಮಾತು ಹೇಳಲೇಬೇಕು, ಯಾಕೆಂದರೆ ನಮಗೆ ಯಾರೂ ಹೇಳಲಿಲ್ಲ. ಕೊಳ್ಳುವ ಮೊದಲು ಅದನ್ನು ನಿಲ್ಲಿಸುವ ಜಾಗ ನೋಡಿಕೊಳ್ಳಿ. ನಮ್ಮ ಸೊಸೈಟಿಯ ಸೆಕ್ರೆಟರಿ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಯೇ ಗಾಡಿ ಹೈ ಕಿ ಘರ್ ಹೈ?” ಎಂದು ಕೇಳಿದರು. ಗಾಡಿಯಾದರೆ ಪಾರ್ಕಿಂಗ್ ಚಾರ್ಜು, ಮನೆಯಾದರೆ ಮೇಂಟೆನೆನ್ಸು. ಮಾವ “ದೋನೋಂ” ಎಂದುಬಿಟ್ಟರು. ನಾನು ನಡುವೆ ಬಾಯಿ ಹಾಕದಿದ್ದರೆ ಎರಡನ್ನೂ ಬರೆದುಕೊಳ್ಳುತ್ತಿದ್ದರು.

ಎರಡನೆಯದು, ಮೊದಲ ಸಲ ಎಳೆಯುವಾಗ ಖಾಲಿ ರಸ್ತೆ ಹುಡುಕಿ. ನಾವು ಒಂದು ಭಾನುವಾರ ಬೆಳಗ್ಗೆ ಘೋಡಬಂದರ್ ರಸ್ತೆಯ ಸರ್ವಿಸ್ ರೋಡಿನಲ್ಲಿ ಅಭ್ಯಾಸ ಮಾಡಿದೆವು. ಹಿಂದಕ್ಕೆ ತೆಗೆಯುವಾಗ ಟ್ರೇಲರಿನ ಹಿಂಭಾಗ ಎಡಕ್ಕೆ ಹೋಗಬೇಕಿದ್ದರೆ ಸ್ಟೀರಿಂಗನ್ನು ಬಲಕ್ಕೆ ತಿರುಗಿಸಬೇಕು. ಮೂವತ್ತು ವರ್ಷ ಗಾಡಿ ಓಡಿಸಿದ ಮಾವ ಬೆವತುಹೋಗಿ, “ಇದು ನಿನ್ನ ಹಾಗೆಯೇ ಮಾರಾಯ್ತಿ, ಹೇಳಿದ್ದಕ್ಕೆ ಉಲ್ಟಾ” ಎಂದರು. ಇನ್ನು ತೂಕ. ಮಾವ ಹೋಟೆಲಿನವರಲ್ಲವೇ, ಅಕ್ಕಿ, ಪಾತ್ರೆ, ನೀರಿನ ಕ್ಯಾನು ಎಲ್ಲವನ್ನೂ ಹಿಂದಿನ ಬಾಗಿಲಿನಿಂದ ತುರುಕಿ ಹಿಂಭಾಗದಲ್ಲೇ ಪೇರಿಸಿದ್ದರು. ಸ್ವಲ್ಪ ವೇಗ ಬಂದದ್ದೇ ಟ್ರೇಲರು ಮೀನಿನ ಬಾಲದಂತೆ ಆ ಕಡೆ ಈ ಕಡೆ ಬಡಿಯತೊಡಗಿತು. ಭಾರ ಯಾವಾಗಲೂ ಚಕ್ರಕ್ಕಿಂತ ಸ್ವಲ್ಪ ಮುಂದಿರಬೇಕು, ಮೂತಿ ಗಾಡಿಯ ಮೇಲೆ ಒರಗಿಕೊಂಡಂತಿರಬೇಕು. ಎಲ್ಲವನ್ನೂ ಇಳಿಸಿ ಮುಂದಕ್ಕೆ ಹಾಕಿಸಿದೆ. ಹಾಗೆ ಮಾಡಿದ್ದು ಆಮೇಲೆ ನಮ್ಮನ್ನು ಎಷ್ಟು ದೂರ ಕಾಪಾಡಿತು ಎಂಬುದು ಮುಂದೆ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕೊಂಡಿ. ಗಾಡಿಯ ಹಿಂದೆ ಕಬ್ಬಿಣದ ಒಂದು ಗುಂಡು ಇರುತ್ತದೆ. ಟ್ರೇಲರಿನ ಮೂತಿಯಲ್ಲಿ ಬೋರಲು ಹಾಕಿದ ಬಟ್ಟಲಿನಂಥ ಒಂದು ಟೊಪ್ಪಿ. ಟೊಪ್ಪಿಯನ್ನು ಗುಂಡಿನ ಮೇಲೆ ಇಳಿಸಿ, ಚಿಲಕ ಹಾಕಿ, ಚಿಲಕಕ್ಕೆ ಪಿನ್ನು ತೂರಿಸಬೇಕು. ಅದೂ ಕೈಕೊಟ್ಟರೆ ಇರಲಿ ಎಂದು ಎರಡು ಸರಪಳಿ. ಇಷ್ಟನ್ನೂ ನಾನು ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಮುಂದೆ ಚೌಕ ಹಾಕಿ, ಹೊರಡುವ ಮೊದಲು ಗುರುತು ಹಾಕಬೇಕೆಂದು ಕಾನೂನು ಮಾಡಿದ್ದೆ.

ಈಗ ಬೆಲ್ಲು. ಆಪರೇಶನ್ ಆದ ಮೇಲೆ ಅಜ್ಜಿಗೆ ರಾತ್ರಿ ಕರೆಯಲು ತಂದ ಕರೆಗಂಟೆ ಅದು. ಒತ್ತುವ ಗುಂಡಿ ಅಜ್ಜಿಯ ಬಳಿ, ಹಕ್ಕಿಯಂತೆ ಕೂಗುವ ಪೆಟ್ಟಿಗೆ ನಮ್ಮ ಕೋಣೆಯಲ್ಲಿ. ನಡುವೆ ತಂತಿ ಇಲ್ಲ. ಗುಂಡಿ ಅಜ್ಜಿಯ ಬೆನ್ನಿಗೆ, ದಿಂಬಿಗೆ ಸಿಕ್ಕಿ ಮೊದಲ ವಾರವಿಡೀ ಹಕ್ಕಿ ಸುಳ್ಳು ಸುಳ್ಳೇ ಕೂಗಿತು. ಆಗ ನಾನೇ ಒಂದು ನಿಯಮ ಮಾಡಿದೆ. ಎರಡು ಸಲ ಚಿಕ್ಕದಾಗಿ, ಮೂರನೆಯ ಸಲ ಉದ್ದಕ್ಕೆ ಒತ್ತಿದರೆ ಮಾತ್ರ ಅಜ್ಜಿ ನಿಜವಾಗಿ ಕರೆಯುತ್ತಿದ್ದಾರೆ. ಬೇರೆ ಯಾವ ಕೂಗೂ ಲೆಕ್ಕಕ್ಕಿಲ್ಲ. ಈ ನಿಯಮ ನನ್ನದೇ ಎಂಬುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಟ್ರೇಲರು ನಿಂತಿರುವಾಗ ಅಜ್ಜಿ ಒಳಗೆ ಮಲಗುತ್ತಾರಲ್ಲ ಎಂದು ಮಾವ ಗುಂಡಿಯನ್ನು ಅದರ ಹಾಸಿಗೆಯ ಪಕ್ಕಕ್ಕೂ ಪೆಟ್ಟಿಗೆಯನ್ನು ಗಾಡಿಯ ಡ್ಯಾಶ್‌ಬೋರ್ಡಿಗೂ ಅಂಟಿಸಿದರು. ಘೋಡಬಂದರಿನ ಅಭ್ಯಾಸದ ದಿನ ರಸ್ತೆಯ ಒಂದೊಂದು ಹೊಂಡಕ್ಕೂ ಒಂದೊಂದು ಚಿಲಿಪಿಲಿ. ಮಾವನಿಗೆ ರೇಗಿಹೋಯಿತು. ಮನೆಗೆ ಬಂದವಳೇ ನಾನು ಆ ಗುಂಡಿಯನ್ನು ಬಿಚ್ಚಿ, ಕಿರುಬೆರಳ ತುದಿಯಷ್ಟಿದ್ದ ಬ್ಯಾಟರಿಯನ್ನು ತೆಗೆದು ನನ್ನ ಪರ್ಸಿನ ಚಿಲ್ಲರೆ ಜೇಬಿನಲ್ಲಿ ಹಾಕಿ ಜಿಪ್ ಎಳೆದೆ. ಪೆಟ್ಟಿಗೆ ತನ್ನದೇ ಬ್ಯಾಟರಿಯೊಂದಿಗೆ ಡ್ಯಾಶ್‌ಬೋರ್ಡಿನಲ್ಲೇ ಉಳಿಯಿತು. ಗುಂಡಿ ಸತ್ತ ಮೇಲೆ ಪೆಟ್ಟಿಗೆ ಏನು ಮಾಡೀತು?

ಅದಾಗಿ ನಾಲ್ಕನೆಯ ದಿನ ಬೆಳಗ್ಗೆ ಹೊರಟೆವು. ಗಾಡಿಯಲ್ಲಿ ಮೂವರೇ: ಮಾವ, ಅಜ್ಜಿ, ನಾನು. ಅಮ್ಮ ಎರಡು ದಿನ ಬಿಟ್ಟು ರೈಲಿನಲ್ಲಿ ಬರುವುದೆಂದಾಗಿತ್ತು. ಸೊಸೈಟಿಯ ಕಂಪೌಂಡಿನಲ್ಲೇ ಜಗಳ ಶುರುವಾಯಿತು. ಅಜ್ಜಿ ಟ್ರೇಲರಿನ ಹಾಸಿಗೆಯಲ್ಲಿ ಮಲಗಿಯೇ ಬರಬೇಕೆಂದು ಮಾವ. ಓಡುವ ಟ್ರೇಲರಿನಲ್ಲಿ ಮನುಷ್ಯರು ಇರಕೂಡದೆಂದು ನಾನು.

“ಮತ್ತೆ ನಾನು ಇದನ್ನು ತಂದದ್ದು ಎಂಥಕ್ಕೆ? ಪ್ರದರ್ಶನಕ್ಕಾ?”

“ನಿಲ್ಲಿಸಿದಾಗ ಮಲಗಲಿಕ್ಕೆ ಮಾವ. ಅದು ಹಿಂದೆ ಕಟ್ಟಿದ ಡಬ್ಬ. ಬೆಲ್ಟಿಲ್ಲ, ಏರ್‌ಬ್ಯಾಗಿಲ್ಲ. ಒಳಗೆ ಬಿದ್ದರೆ ನಮಗೆ ಗೊತ್ತೂ ಆಗೋದಿಲ್ಲ.”

“ಬೆಲ್ ಉಂಟಲ್ಲ!”

“ಬ್ಯಾಟರಿ ನಾನು ತೆಗೆದಿದ್ದೇನೆ.”

“ನೋಡು ಅಮ್ಮ, ಇವಳೇ ಬ್ಯಾಟರಿ ತೆಗೆಯೋದು, ಇವಳೇ ಗೊತ್ತಾಗೋದಿಲ್ಲ ಅನ್ನೋದು!”

ವೀಲ್‌ಚೇರಿನಲ್ಲಿ ಕೂತಿದ್ದ ಅಜ್ಜಿ ಮಾವನ ಪಕ್ಷ. ಮಲಗಿ ಬರುವುದು ಯಾರಿಗೆ ಬೇಡ? ಇಪ್ಪತ್ತು ನಿಮಿಷ ವಾದವಾಯಿತು. ಕೊನೆಗೆ ನಾನು ಯಾವ ಒಳ್ಳೆಯ ವಾದಿಯೂ ಮಾಡಬಾರದ್ದನ್ನು ಮಾಡಿದೆ, ರಾಜಿಯಾದೆ. ಶೀಳ್ ಫಾಟಾದ ಟ್ರಾಫಿಕ್ ದಾಟುವವರೆಗೆ ಅಜ್ಜಿ ಗಾಡಿಯಲ್ಲಿ. ಅಲ್ಲಿಂದ ಮುಂದೆ, ಮಹಾಪೆಯ ಇಳಿಜಾರು ಶುರುವಾಗುವ ಮೊದಲು ಒಂದು ಚಹಾ ಅಂಗಡಿ ಇದೆ, ಅಲ್ಲಿ ನಿಲ್ಲಿಸಿ ಅವರನ್ನು ಟ್ರೇಲರಿಗೆ ಮಲಗಿಸುವುದು. ಓಡುವ ಟ್ರೇಲರಿನಲ್ಲಿ ಮನುಷ್ಯರು ಇರಕೂಡದೆಂದವಳು, ಅರ್ಧ ದಾರಿಯ ನಂತರ ಇರಬಹುದೆಂದು ಒಪ್ಪಿದ್ದೆ. ಇದಕ್ಕೆ ಗೆಲುವು ಎಂದು ನಾನೇ ಹೆಸರಿಟ್ಟುಕೊಂಡೆ.

ಆಮೇಲೆ ಪೂಜೆ. ಹೊಸ ಗಾಡಿಗೆ ಪೂಜೆ ಮಾಡದೆ ನಮ್ಮವರು ಗೇಟು ದಾಟಿಸಿದ್ದುಂಟೆ? ಗಾಡಿಯ ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು, ಟ್ರೇಲರಿನದು ಎರಡು. ಟ್ರೇಲರಿನ ಮೂತಿಯ ಕೆಳಗೆ, ನಿಲ್ಲಿಸಿದಾಗ ಊರುಗೋಲಿನಂತೆ ಇಳಿಸುವ ಒಂದು ಪುಟ್ಟ ಚಕ್ರವಿದೆ. ಅದಕ್ಕೂ ಒಂದು ಬೇಕೋ ಬೇಡವೋ ಎಂದು ಮಾವ ವಾಚ್‌ಮನ್ನನೊಂದಿಗೆ ಗಂಭೀರವಾಗಿ ಚರ್ಚಿಸಿ ಏಳನೆಯದನ್ನೂ ಇಟ್ಟರು. ನಾನು ನಗುತ್ತಾ ದೂರ ನಿಂತಿದ್ದೆ. ಆಮೇಲೆ ಹೋಗಿ ಅಜ್ಜಿಯನ್ನು ನಡುವಿನ ಸೀಟಿನಲ್ಲಿ ದಿಂಬುಗಳ ಮೇಲೆ ಒರಗಿಸಿ ಬೆಲ್ಟು ಹಾಕುತ್ತಿದ್ದೆ. ಹಿಂದಿನಿಂದ ಮಾವನ ದನಿ ಕೇಳಿಸಿತು: “ಎರಡು ಗಾಡಿಗೆ ಇದು ಮದುವೆ ಇದ್ದ ಹಾಗೆ, ಅಲ್ವನಾ? ಹಾರ ಹಾಕದೆ ಎಂಥ ಮದುವೆ!”

ಹಾಳೆ ಹಿಡಿದು ಹಿಂದೆ ಬಂದಾಗ ಕೊಂಡಿಯ ಜಾಗದಲ್ಲಿ ದಪ್ಪನೆಯ ಚೆಂಡುಹೂವಿನ ಹಾರ, ಮೇಲೆ ಅರಸಿನ ಕುಂಕುಮ. ಹೂವಿನ ಗುಡ್ಡೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. “ಹಾಕಿದ್ದೀರಲ್ಲ ಮಾವ?” ಎಂದೆ. “ಹಾಕಿದ್ದೇನೆ” ಎಂದರು. ನಾನು ಕೇಳಿದ್ದು ಚಿಲಕ, ಪಿನ್ನು, ಸರಪಳಿ. ಅವರು ಹೇಳಿದ್ದು ಯಾವುದನ್ನೋ. ದೇವರ ಹೂವನ್ನು ಸರಿಸಿ ನೋಡಿದರೆ ಇನ್ನೊಂದು ಜಗಳವಾಗುತ್ತದೆಂದು, ಆಗಲೇ ಒಂದನ್ನು ಗೆದ್ದಿದ್ದೇನಲ್ಲ ಎಂದು, ನಾಲ್ಕೂ ಚೌಕದಲ್ಲಿ ಗುರುತು ಹಾಕಿದೆ. ‘ನೀವು ನೋಡಿದಿರಾ, ಕೇಳಿದ್ದಾ?’ ಎಂದು ಊರಿಗೆಲ್ಲ ಕೇಳುವವಳು, ಕೇಳಿದ್ದಕ್ಕೆ ಗುರುತು ಹಾಕಿದೆ. ಆ ಹಾಳೆಯನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಡೊಂಬಿವಲಿಯಿಂದ ಶೀಳ್ ಫಾಟಾದವರೆಗೆ ಆ ಹೊತ್ತಿನಲ್ಲಿ ಗಾಡಿಗಳು ಓಡುವುದಿಲ್ಲ, ತೆವಳುತ್ತವೆ. ನಿಂತು, ಹೊರಟು, ನಿಂತು, ಹೊರಟು ಫಾಟಾ ದಾಟಿದೆವು. ಅಜ್ಜಿಗೆ ನಿದ್ದೆ ಹತ್ತಿತ್ತು. ಬಾಯಿ ಸ್ವಲ್ಪ ತೆರೆದಿತ್ತು, ಸಣ್ಣಗೆ ಗೊರಕೆಯೂ ಇತ್ತು. ಅವರ ಬಲಗೈ ಪಕ್ಕದಲ್ಲಿ ಕೂತಿದ್ದ ನನ್ನ ಕೈಯಲ್ಲಿತ್ತು. ಮಹಾಪೆಯ ಕಡೆ ರಸ್ತೆ ಸ್ವಲ್ಪ ಬಿಡುವಾಯಿತು. ಮಾವ ಖುಷಿಯಲ್ಲಿ ಗೇರು ಬದಲಾಯಿಸಿದರು. ಆ ಚಹಾ ಅಂಗಡಿ ಇನ್ನು ಐದು ನಿಮಿಷ.

ಆಗ ಡ್ಯಾಶ್‌ಬೋರ್ಡಿನ ಪೆಟ್ಟಿಗೆ ಕೂಗಿತು. ಎರಡು ಚಿಕ್ಕದು, ಒಂದು ಉದ್ದ.

“ಮತ್ತೆ ಶುರುವಾಯ್ತಾ ನಿನ್ನ ಹಕ್ಕಿ! ಬ್ಯಾಟರಿ ತೆಗೆದಿದ್ದೇನೆ ಅಂದಿದ್ದಿಯಲ್ಲ, ಸುಳ್ಳಿ!” ಎನ್ನುತ್ತಾ ಮಾವ ಒಂದು ಕೈಯಲ್ಲಿ ಪೆಟ್ಟಿಗೆಯನ್ನು ಕಿತ್ತು ತೆಗೆಯಲು ನೋಡಿದರು. ಅಂಟು ಬಿಡಲಿಲ್ಲ.

“ತೆಗೆದಿದ್ದೇನೆ ಮಾವ. ನನ್ನ ಪರ್ಸಲ್ಲಿದೆ.”

ಅದು ಇನ್ನೊಮ್ಮೆ ಕೂಗಿತು. ಎರಡು ಚಿಕ್ಕದು, ಒಂದು ಉದ್ದ.

ಮಾವ ಎಡಕ್ಕೆ ತಿರುಗಿಸಿ, ರಸ್ತೆ ಅಂಚಿನ ಮಣ್ಣಿಗೆ ಇಳಿಸಿ ನಿಲ್ಲಿಸಿದರು. ನಾನು ಪರ್ಸಿನ ಜಿಪ್ಪು ತೆಗೆದು ಬ್ಯಾಟರಿಯನ್ನು ಅಂಗೈಯಲ್ಲಿಟ್ಟು ತೋರಿಸಿದೆ. ಆಗ ನೋಡಬೇಕಿತ್ತು ಅವರ ಮುಖ. “ಅಮ್ಮ ಇಲ್ಲೇ ಇದ್ದಾರಲ್ಲ,” ಎಂದು ಪಿಸುಗುಟ್ಟಿದರು. “ಮತ್ತೆ ಟ್ರೇಲರಲ್ಲಿ ಯಾರು?”

“ಯಾರೂ ಇಲ್ಲ. ಬೇರೆ ಯಾವುದೋ ಬೆಲ್ಲಿನ ಸಿಗ್ನಲ್ ಹಿಡಿದಿರಬೇಕು. ನೋಡಿ ಬರೋಣ ಬನ್ನಿ.”

“ನಾನು ಬರೋದಿಲ್ಲ ಮಾರಾಯ್ತಿ. ನೀನು ವಿಚಾರವಾದಿ ಅಲ್ವಾ, ನೀನೇ ಹೋಗು.”

ಹೋದೆ. ಭಯ ಇರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಮಾವನೆದುರು ಸೋಲುವ ಭಯ ಅದಕ್ಕಿಂತ ದೊಡ್ಡದಿತ್ತು. ಟ್ರೇಲರಿನ ಬಾಗಿಲಿಗೆ ಹೋಗಬೇಕಾದರೆ ಕೊಂಡಿಯನ್ನು ದಾಟಬೇಕು. ದಾಟುವಾಗ ಕೆಳಗೆ ನೋಡಿದೆ. ಹಾರ ಹರಿದು ಒಂದು ಬದಿಗೆ ಜೋತಿತ್ತು. ಟೊಪ್ಪಿ ಗುಂಡಿನ ಮೇಲೆ ಕೂತಿರಲಿಲ್ಲ, ಒರಗಿತ್ತು. ನಡುವೆ ನುಜ್ಜುಗುಜ್ಜಾದ ಚೆಂಡುಹೂವು, ಹಸಿರು ಮತ್ತು ಹಳದಿ ಚಟ್ನಿಯ ಹಾಗೆ. ಚಿಲಕ ಮುಕ್ಕಾಲು ಮಾತ್ರ ಬಿದ್ದಿತ್ತು. ಪಿನ್ನು ಇರಬೇಕಾದ ತೂತಿನಲ್ಲಿ ಕೆಂಪು ದಾರ ಕಟ್ಟಿತ್ತು. ಸರಪಳಿಗಳೇ ಇರಲಿಲ್ಲ.

ಮಾವನನ್ನು ಕೂಗಿದೆ. ಈ ಸಲ ಓಡಿಬಂದರು. ನೋಡಿದರು. ಹಾಗೆಯೇ ಮಣ್ಣಿನಲ್ಲಿ ಕೂತುಬಿಟ್ಟರು. ಆಗ ಎಲ್ಲ ಹೊರಬಂತು. ಮದುವೆಯಲ್ಲಿ ಹುಡುಗನಿಗೂ ಹಾರ ಬೇಕಲ್ಲ ಎಂದು ಅವರು ಮೊದಲೇ ಗಾಡಿಯ ಕಬ್ಬಿಣದ ಗುಂಡಿನ ಮೇಲೆ ಒಂದು ಹಾರ ಸುತ್ತಿದ್ದರು. ಅದರ ಮೇಲೆ ಟೊಪ್ಪಿಯನ್ನು ಇಳಿಸಿದ್ದರು. ಹೂವಿನ ದಪ್ಪಕ್ಕೆ ಟೊಪ್ಪಿ ಪೂರ್ತಿ ಇಳಿಯದೆ ಚಿಲಕ ಬಿಗಿಯಾಗಿತ್ತು, ಪಿನ್ನು ಹೋಗಲಿಲ್ಲ. ಆಮೇಲೆ ಸರಿಯಾದೀತು ಎಂದು ರಕ್ಷೆಯ ದಾರ ಕಟ್ಟಿ, ಎರಡನೆಯ ಹಾರದಿಂದ ಮುಚ್ಚಿದ್ದರು. ಸರಪಳಿಗೆ ತುಕ್ಕು ಹಿಡಿದು ಪೂಜೆಗೆ ಚೆನ್ನಾಗಿ ಕಾಣುವುದಿಲ್ಲವೆಂದು ಬಿಚ್ಚಿ ಟೂಲ್‌ಬಾಕ್ಸಿನಲ್ಲಿ ಹಾಕಿದ್ದರು. ಅಷ್ಟು ದೂರ ನಮ್ಮ ಹಿಂದೆ ಬಂದ ಟ್ರೇಲರು ಬರೀ ತನ್ನ ಮೂತಿಯ ಭಾರದಿಂದ ಗುಂಡಿನ ಮೇಲೆ ಒರಗಿಕೊಂಡು ಬಂದಿತ್ತು. ಇನ್ನೊಂದು ಸ್ಪೀಡ್‌ಬ್ರೇಕರು, ಇಲ್ಲವೇ ಇಳಿಜಾರಿನಲ್ಲಿ ಒಂದು ಬ್ರೇಕು ಸಾಕಿತ್ತು. ಮತ್ತು ಆ ಇಳಿಜಾರಿಗೆ ಮೊದಲು ನಾವು ಅಜ್ಜಿಯನ್ನು ಅದರೊಳಗೆ ಮಲಗಿಸುವವರಿದ್ದೆವು. ಅದಕ್ಕೆ ನಾನು ಒಪ್ಪಿಗೆ ಕೊಟ್ಟಿದ್ದೆ.

ಮಾವ ಇದ್ದಕ್ಕಿದ್ದಂತೆ ನಗತೊಡಗಿದರು, ಕಣ್ಣಲ್ಲಿ ನೀರು ಬರುವವರೆಗೆ. ನನಗೂ ನಗು ತಡೆಯಲಾಗಲಿಲ್ಲ. ಲಾರಿಯವರು ಹಾರ್ನ್ ಹೊಡೆಯುತ್ತಾ ಹೋಗುತ್ತಿದ್ದರು. ನಾವಿಬ್ಬರೂ ಮಣ್ಣಿನಲ್ಲಿ ಕೂತು, ಕೈಗೆಲ್ಲ ಚೆಂಡುಹೂವು ಮೆತ್ತಿಕೊಂಡು, ಹುಚ್ಚರ ಹಾಗೆ ನಗುತ್ತಿದ್ದೆವು. ಅಂಥ ಹಗುರ ನನ್ನ ಜೀವಮಾನದಲ್ಲಿ ಇನ್ನೊಮ್ಮೆ ಅನುಭವಕ್ಕೆ ಬಂದಿಲ್ಲ. ಏನೂ ಆಗಲಿಲ್ಲ ಎನ್ನುವುದು ಎಷ್ಟು ದೊಡ್ಡ ಘಟನೆ!

ಚಕ್ರಕ್ಕೆ ಇಟ್ಟಿಗೆ ಕೊಟ್ಟು, ಮೂತಿಯ ಪುಟ್ಟ ಚಕ್ರ ಇಳಿಸಿ, ಟೊಪ್ಪಿಯನ್ನು ಮೇಲೆತ್ತಿ, ಗುಂಡನ್ನು ನೀರು ಹಾಕಿ ತೊಳೆದೆವು. ಟೊಪ್ಪಿ ಇಳಿಯಿತು, ಚಿಲಕ ಟಕ್ಕೆಂದಿತು, ಪಿನ್ನು ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಸರಪಳಿಗಳನ್ನು ನಾನೇ ಸಿಕ್ಕಿಸಿ, ಎರಡು ಸಲ ಎಳೆದು ನೋಡಿದೆ. ಆಮೇಲೆ ಟ್ರೇಲರಿನ ಬಾಗಿಲು ತೆರೆದೆ. ಒಳಗೆ ಯಾರೂ ಇರಲಿಲ್ಲ. ಹಾಸಿಗೆಯ ಚಾದರ ನಾನು ಮಡಿಸಿಟ್ಟಂತೆಯೇ ಇತ್ತು. ಗುಂಡಿ ಹಾಸಿಗೆಯ ಪಕ್ಕದಲ್ಲಿ ಅಂಟಿಕೊಂಡಿತ್ತು. ಬಿಚ್ಚಿ ನೋಡಿದೆ. ಬ್ಯಾಟರಿಯ ಜಾಗ ಖಾಲಿ. ಒತ್ತಿದೆ. ಹತ್ತು ಸಲ ಒತ್ತಿದೆ. ಗಾಡಿಯಲ್ಲಿ ಹಕ್ಕಿ ಕೂಗಲಿಲ್ಲ.

ನಾವು ಮರಳಿ ಹತ್ತಿ ಕೂತಾಗ ಅಜ್ಜಿಗೆ ಎಚ್ಚರವಾಯಿತು. “ಚಾ ಕುಡಿದಾಯ್ತಾ ನಿಮ್ಮದು? ನನಗೆ ಯಾಕೆ ಕೊಡಲಿಲ್ಲ?” ಎಂದರು.

ಅಜ್ಜಿ ಉಡುಪಿಯವರೆಗೂ ಗಾಡಿಯಲ್ಲೇ ಬಂದರು. ಮಾವ ಒಂದು ಮಾತೂ ಎದುರಾಡಲಿಲ್ಲ. ಅರ್ಧ ಗಂಟೆಗೊಮ್ಮೆ ನಿಲ್ಲಿಸುವುದು, ಅಜ್ಜಿಯನ್ನು ಟ್ರೇಲರಿನಲ್ಲಿ ಮಲಗಿಸುವುದು, ಅವರು ಸಾಕೆಂದಾಗ ಹೊರಡುವುದು. ನಾಲ್ಕು ದಿನ ಹಿಡಿಯಿತು, ಹಿಡಿಯಲಿ. ಕೊನೆಗೆ ಅಕ್ಕ ತಂಗಿ ಎದುರಾದಾಗ ಇಬ್ಬರೂ ಅಳಲಿಲ್ಲ. “ನಿನ್ನ ಮುಖ ಪೂರ್ತಿ ನೋಡದೆ ಎಷ್ಟು ಕಾಲವಾಯ್ತು, ಬರೀ ಹಣೆ ನೋಡಿ ಸಾಕಾಗಿತ್ತು” ಎಂದರು ಚಿಕ್ಕಜ್ಜಿ. ಆಮೇಲೆ ಒಂದು ವಾರ ಇಬ್ಬರೂ ಅಕ್ಕಪಕ್ಕ ಮಲಗಿ ಬಾಯಿಗೆ ಬಿಡುವು ಕೊಡಲಿಲ್ಲ. ಅವರ ದನಿ ಗೋಡೆಯಾಚೆಯಿಂದ ಕೇಳುತ್ತಾ ನಾನು ಎಷ್ಟು ನಿಶ್ಚಿಂತೆಯಿಂದ ನಿದ್ದೆ ಮಾಡಿದೆನೆಂದರೆ, ಅಮ್ಮ ಹುಷಾರಿಲ್ಲವೇ ಎಂದು ಕೇಳಿದರು.

ಈಗ ವಾದಕ್ಕೆ ಬರೋಣ. ಅಲುಗಾಟಕ್ಕೆ ಗುಂಡಿ ಒತ್ತಿಹೋಯಿತು ಎನ್ನೋಣವೇ? ಬ್ಯಾಟರಿ ಇಲ್ಲ. ಒಳಗೆ ಹಳೆಯ ವಿದ್ಯುತ್ತು ಚೂರು ಉಳಿದಿತ್ತೇ? ಎಲೆಕ್ಟ್ರಾನಿಕ್ಸ್ ಓದಿದ ಗೆಳೆಯನೊಬ್ಬ, ನಾಲ್ಕು ದಿನದ ನಂತರ ಕಷ್ಟ, ಆದರೂ ‘ಆಗಬಹುದು’ ಎಂದ. ಆಗಬಹುದು ಎಂಬುದು ಆಯಿತು ಎಂಬುದಕ್ಕೆ ಸಾಕ್ಷಿಯಲ್ಲ. ಬೇರೆ ಬೆಲ್ಲಿನ ಸಿಗ್ನಲ್? ಇದು ನನ್ನ ಗಟ್ಟಿ ವಾದ, ಮಾವನೆದುರು ಯಾವಾಗಲೂ ಇದನ್ನೇ ಬಳಸುತ್ತೇನೆ. ಊರಿಂದ ಬಂದ ಮೇಲೆ ಒಬ್ಬಳೇ ಪೆಟ್ಟಿಗೆ ಹಿಡಿದು ಅದೇ ಜಾಗದಲ್ಲಿ ಒಂದು ಗಂಟೆ ನಿಂತು ನೋಡಿದೆ. ಸುತ್ತ ಗೋದಾಮುಗಳು, ಹತ್ತಿರದಲ್ಲಿ ಒಂದು ಮನೆಯೂ ಇಲ್ಲ. ಹಕ್ಕಿ ಸುಮ್ಮನಿತ್ತು. ಇರಲಿ, ಆ ಹೊತ್ತಿಗೆ ಯಾವುದೋ ಟೆಂಪೋದಲ್ಲಿ ಅಂಥದೇ ಬೆಲ್ಲು ಹೋಗುತ್ತಿತ್ತು ಎಂದೇ ಇಟ್ಟುಕೊಳ್ಳಿ. ಎರಡು ಚಿಕ್ಕದು, ಒಂದು ಉದ್ದ? ಅದೂ ಎರಡು ಸಲ? ಸುಳ್ಳು ಕರೆಗೂ ನಿಜವಾದ ಕರೆಗೂ ವ್ಯತ್ಯಾಸ ತಿಳಿಯಲೆಂದು ನಾನೇ ಮಾಡಿದ ಪರೀಕ್ಷೆ ಅದು. ನನ್ನದೇ ಪರೀಕ್ಷೆಯಲ್ಲಿ ಅದು ಪಾಸಾಯಿತು.

ಆದರೂ ಕಾಕತಾಳೀಯ ಎಂದು ಮಾವನ ಬಾಯಿ ಮುಚ್ಚಿಸುತ್ತೇನೆ. ಪ್ರತಿ ಸಲ ನಾನೇ ಗೆಲ್ಲುತ್ತೇನೆ. ಗೆಲ್ಲುವುದು ಯಾಕೆಂದರೆ, ಒಂದು ವಿಷಯವನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಎದುರಾಳಿಗೆ ಲಾಭವಾಗುವ ಸಾಕ್ಷಿಯನ್ನು ಅಡಗಿಸಿಟ್ಟು ಗೆದ್ದ ವಾದ ಗೆಲುವಲ್ಲ ಎಂದು ಗೊತ್ತಿದ್ದೂ ಹೇಳಿಲ್ಲ.

ಅಜ್ಜಿಯ ಬಲಗೈ ನನ್ನ ಕೈಯಲ್ಲಿತ್ತು ಎಂದೆನಲ್ಲ. ಹಕ್ಕಿ ಕೂಗುವ ಒಂದು ಕ್ಷಣ ಮೊದಲು, ಅವರ ಹೆಬ್ಬೆರಳು ನನ್ನ ಅಂಗೈಯನ್ನು ಒತ್ತಿತು. ಮೆಲ್ಲಗೆ ಒಂದು ಸಲ, ಇನ್ನೊಂದು ಸಲ, ಮತ್ತೆ ಉದ್ದಕ್ಕೆ, ಬಿಡದೆ. ನಿದ್ದೆಯಲ್ಲಿ ಬೆರಳು ಆಡಿಸುತ್ತಾರೆ ಎಂದುಕೊಂಡೆ. ಆಮೇಲೆ ಪೆಟ್ಟಿಗೆ ಕೂಗಿತು. ಮಾವ ಬೈಯುತ್ತಿರುವಾಗ ಹೆಬ್ಬೆರಳು ಮತ್ತೆ ಒತ್ತಿತು, ಹಾಗೆಯೇ. ಪೆಟ್ಟಿಗೆ ಎರಡನೆಯ ಸಲ ಕೂಗಿತು. ಅವರ ಮುಖ ನೋಡಿದೆ. ಕಣ್ಣು ಮುಚ್ಚಿತ್ತು, ಬಾಯಿ ಸ್ವಲ್ಪ ತೆರೆದಿತ್ತು, ಗೊರಕೆ ನಿಂತಿರಲಿಲ್ಲ.

ಮೊನ್ನೆ ಭಾನುವಾರ ಮಾವ ಬಂದಿದ್ದರು. ಅದೇ ಕಥೆ, ಅದೇ ಗಗ್ಗರ, ಅದೇ ನನ್ನ ಖಂಡನೆ. ಅಜ್ಜಿ ಮಲಗಿದಲ್ಲಿಂದಲೇ ನಮ್ಮಿಬ್ಬರ ಜಗಳ ಕೇಳಿ ನಗುತ್ತಿದ್ದರು. ಮಾವ ಹೋದ ಮೇಲೆ ಅವರಿಗೆ ಹೊದಿಕೆ ಸರಿಮಾಡಲು ಬಗ್ಗಿದೆ. ಕರೆಗಂಟೆಯ ಗುಂಡಿ ದಿಂಬಿನ ಪಕ್ಕದ ಹಳೆಯ ಜಾಗದಲ್ಲಿ ದಾರಕ್ಕೆ ಜೋತಿತ್ತು. ಅದಕ್ಕೆ ಈಗ ಬ್ಯಾಟರಿ ಇದೆ. ಅವರು ಎಂದಿನಂತೆ ನನ್ನ ಕೈ ಹಿಡಿದುಕೊಂಡರು, ಹೆಬ್ಬೆರಳು ನನ್ನ ಅಂಗೈಯ ಮೇಲೆ ಸುಮ್ಮನೆ ಕೂತಿತ್ತು. ವಾದಕ್ಕಲ್ಲ, ಗೆಲ್ಲಲಿಕ್ಕಲ್ಲ, ಗೊತ್ತಿಲ್ಲದ್ದಕ್ಕೆ ಕೇಳಿದೆ: “ಅಜ್ಜೀ, ಆವತ್ತು ನಿದ್ದೆಯಲ್ಲಿ ನೀವು ಯಾರನ್ನು ಕರೆದದ್ದು?”